ಅಧಿಕೃತ ಸೊಂಟ

ಒಂದು ರಸ್ತೆ ಹಾಳಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ, ಕಾನೂನಿನ ಪ್ರಕಾರ, ಒಂದು ಲೋಟ ನೀರಿಗೆ ಇದೆ.

ರಸ್ತೆ ನಯ ಇಲಾಖೆಯ ಏಳನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಲೋಟದ ಅಂಚಿಗೆ ಒಂದು ಬೆರಳು ಬಿಟ್ಟು ನೀರು ತುಂಬಬೇಕು. ಅದನ್ನು ಇಲಾಖೆಯ ಶಿಬಿರ ಗಾಡಿಯ ಊಟದ ಮೇಜಿನ ಮೇಲಿಡಬೇಕು. ಗಾಡಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ನೀರು ಚೆಲ್ಲಿದರೆ ರಸ್ತೆ ಹಾಳು, ಇಲಾಖೆ ರಿಪೇರಿ ಮಾಡಬೇಕು. ಚೆಲ್ಲದಿದ್ದರೆ ರಸ್ತೆ ನಯ, ಯಾರೂ ಏನೂ ಮಾಡಬೇಕಾಗಿಲ್ಲ. ಆ ರಸ್ತೆಯಲ್ಲಿ ನಡೆಯುವವರನ್ನು, ಬೀಳುವವರನ್ನು ಒಂದು ಮಾತು ಕೇಳಬೇಕೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಬರೆಯದ್ದನ್ನು ಮಾಡಿದರೆ ಅದು ಅಶಿಸ್ತು.

ಶಿಬಿರ ಗಾಡಿ ಎಂದರೆ ಲಾರಿಯ ಹಿಂದೆ ಕೊಕ್ಕೆ ಹಾಕಿ ಎಳೆಯುವ ಒಂದು ಮನೆ. ಒಳಗೆ ಎರಡು ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಕ್ಕಸು, ಕಿಟಕಿಗೆ ಹೂವಿನ ಪರದೆ. ಮಾಡಿದ ಕಂಪನಿಯವರು, ಸಂಸಾರಸ್ಥರು ರಜೆಯಲ್ಲಿ ಕೆರೆಯ ದಂಡೆಗೆ ಎಳೆದುಕೊಂಡು ಹೋಗಿ ನಾಲ್ಕು ದಿನ ಹಾಯಾಗಿರಲಿ ಎಂದು ಮಾಡಿದ್ದು. ಇಲಾಖೆ ಅದನ್ನು ಕೊಂಡದ್ದು, ಅಧಿಕಾರಿಗಳು ರಸ್ತೆ ಬದಿಯಲ್ಲೇ ಬಿಡಾರ ಹೂಡಿ ರಸ್ತೆಯ ಕಷ್ಟಸುಖವನ್ನು ಹತ್ತಿರದಿಂದ ನೋಡಲಿ ಎಂದು. ಅಧಿಕಾರಿಗಳು ಹತ್ತಿರದಿಂದಲೇ ನೋಡುತ್ತಿದ್ದರು, ಪರದೆ ಸರಿಸಿ.

ಹನ್ನೊಂದು ವರ್ಷ ಈ ಗಾಡಿ ಊರೆಲ್ಲ ಸುತ್ತಿತು. ಹೋದಲ್ಲೆಲ್ಲ ನೀರು ಚೆಲ್ಲಿತು. ಪಾಸಾದ ರಸ್ತೆ ಒಂದೂ ಇರಲಿಲ್ಲ. ಆದರೆ ಹಾಳು ರಸ್ತೆಗಳ ಪಟ್ಟಿ ಪೂರ್ತಿಯಾಗುವ ತನಕ ಯಾವ ರಸ್ತೆಯನ್ನೂ ಮುಟ್ಟುವಂತಿಲ್ಲ ಎಂಬ ಎಂಟನೇ ನಿಯಮ ಇದ್ದುದರಿಂದ ಇಲಾಖೆ ನೆಮ್ಮದಿಯಾಗಿತ್ತು. ಪಟ್ಟಿ ಎಂಬುದು ಮಾತ್ರ, ಎಷ್ಟೇ ನಿಧಾನವಾಗಿ ಬರೆದರೂ ಒಂದಲ್ಲ ಒಂದು ದಿನ ಮುಗಿದುಬಿಡುತ್ತದೆ. ಈಗ ಉಳಿದಿದ್ದು ಒಂದೇ ರಸ್ತೆ, ಗ್ಯಾರೇಜ್ ಬೀದಿ. ಅಲ್ಲೂ ನೀರು ಚೆಲ್ಲಿದರೆ ಪಟ್ಟಿ ಪೂರ್ತಿ. ಪಟ್ಟಿ ಪೂರ್ತಿಯಾದರೆ ಕೆಲಸ ಮಾಡಬೇಕು. ಚೆಲ್ಲದಿದ್ದರೆ ಹಿಂದಿನ ಅಳತೆಗಳೂ ತಪ್ಪಿರಬಹುದೆಂದು ಎಲ್ಲ ರಸ್ತೆಗಳನ್ನೂ ಮತ್ತೆ ಅಳೆಯಬಹುದು. ಇಲಾಖೆಯ ಇತಿಹಾಸದಲ್ಲಿ ಇಂಥ ಆತಂಕ ಹಿಂದೆಂದೂ ಬಂದಿರಲಿಲ್ಲ.

ಆಗ ಗಾಡಿಯ ಹೊಣೆ ಹೊತ್ತ ನಯಾಧಿಕಾರಿಗಳು ಒಂದು ಟಿಪ್ಪಣಿ ಬರೆದರು. "ಗಾಡಿಯು ವಿಪರೀತ ಕುಲುಕುವುದರಿಂದ ರಸ್ತೆಯ ಕುಲುಕಾಟವನ್ನು ನಿಖರವಾಗಿ ಅಳೆಯಲಾಗುತ್ತಿಲ್ಲ. ಆದ್ದರಿಂದ ಅಳತೆಗೆ ಅಡ್ಡಿಯಾಗಿರುವ ಕುಲುಕಾಟವನ್ನು ಮೊದಲು ನಿವಾರಿಸತಕ್ಕದ್ದು." ಟಿಪ್ಪಣಿ ಹೋದ ದಿನವೇ ಮಂಜೂರಾಗಿ ಬಂತು. ರಸ್ತೆಯ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಒಂದು ವರ್ಷ ಹಿಡಿಯುತ್ತಿದ್ದ ಕಚೇರಿ ಅದು. ಕೂತವರ ಸೀಟು ಮೆತ್ತಗಾಗಿಸುವ ಈ ಕಡತ ಕಾಲು ಬಂದ ಹಾಗೆ ಓಡಿತು.

ಗಾಡಿ ಬಂದು ನಿಂತದ್ದು ಪಾಟಕ್ಕನ ಶೆಡ್ಡಿನ ಮುಂದೆ. ಚಕ್ರದ ಮೇಲೆ ಒಂದರ ಮೇಲೊಂದು ಕೂರಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ ಗಾಡಿಯವರು ಪಾಟಾ ಎನ್ನುತ್ತಾರೆ. ಅವನ್ನು ಬಿಚ್ಚಿ, ಬಡಿದು, ಮತ್ತೆ ಕಟ್ಟುವುದು ಅವಳ ಕಸುಬು. ಹಾಗಾಗಿ ಅವಳು ಪಾಟಕ್ಕ. ಅವಳ ಅಪ್ಪ ಇಟ್ಟ ಹೆಸರು ಬೇರೆ ಏನೋ ಇತ್ತು, ಅದನ್ನು ಈಗ ಕರೆಂಟಿನ ಬಿಲ್ಲು ಮಾತ್ರ ಬಳಸುತ್ತದೆ. ಶೆಡ್ಡು ಮುಂದೆ, ಹಿಂದೆ ಎರಡು ಕೋಣೆಯ ಮನೆ. ಆ ಮನೆಯಲ್ಲಿ ಐದು ವಾರದಿಂದ ಅವಳೊಬ್ಬಳೇ.

ಅವಳ ಅಮ್ಮನನ್ನು ಬೀದಿಯವರು ಅರ್ಜಿ ಅಜ್ಜಿ ಎನ್ನುತ್ತಿದ್ದರು. ಬೀದಿಯ ಗುಂಡಿಗಳ ಬಗ್ಗೆ ಹನ್ನೊಂದು ವರ್ಷ, ತಿಂಗಳಿಗೊಂದರಂತೆ ತಪ್ಪದೆ ಅರ್ಜಿ ಬರೆದ ಹೆಂಗಸು. ಕೊನೆಯ ಅರ್ಜಿಯನ್ನು ಅಂಚೆಗೆ ಹಾಕಲು ಹೋಗುವಾಗ ಮನೆ ಮುಂದಿನ ದೊಡ್ಡ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡಳು. ಇಲಾಖೆ ಅದನ್ನು ಗಂಭೀರವಾಗಿ ತೆಗೆದುಕೊಂಡು ವರದಿ ತರಿಸಿತು. "ಅರ್ಜಿದಾರರು ಸದರಿ ಗುಂಡಿಯೊಳಕ್ಕೆ ಪೂರ್ವಾನುಮತಿ ಇಲ್ಲದೆ ಪ್ರವೇಶಿಸಿರುತ್ತಾರೆ" ಎಂದು ವರದಿ ಹೇಳಿತು. ಎಚ್ಚರಿಕೆ ಕೊಟ್ಟು ಬಿಟ್ಟರು.

ಅವಳನ್ನು ಸೇರಿಸಿದ ಆಸ್ಪತ್ರೆ ನಾಲ್ಕು ಮೈಲಿ ದೂರ. ಸೊಂಟ ಕೂಡಿಕೊಳ್ಳುವ ತನಕ ಒಂದು ಕುಲುಕೂ ಬೀಳಬಾರದು, ಬಿದ್ದರೆ ಮತ್ತೆ ನಡೆಯುವ ಆಸೆ ಬಿಡಬೇಕು ಎಂದು ಮೂಳೆ ಡಾಕ್ಟರು ಹೇಳಿದ್ದರು. ಪಾಟಕ್ಕನಿಗೆ ಬೇಕಾಗಿದ್ದು ಒಂದೇ: ಅಮ್ಮ ಮನೆಗೆ ಬರುವಷ್ಟರಲ್ಲಿ ಆ ರಸ್ತೆ ಸರಿಯಾಗಬೇಕು.

"ಪಾಟಕ್ಕ, ಇದಕ್ಕೊಂದು ಗತಿ ಕಾಣಿಸು," ಅಂದ ಗಾಡಿ ಎಳೆದು ತಂದ ಡ್ರೈವರ್. "ಎಳೆಯುವಾಗ ಹಿಂದೆ ಪಾತ್ರೆ ಅಂಗಡಿ ಬಿದ್ದ ಹಾಗೆ ಸದ್ದು."

ಅವಳು ಕೆಳಗೆ ತೂರಿ ಮಲಗಿ ಟಾರ್ಚ್ ಹಿಡಿದಳು. "ಏನಣ್ಣ ಇದು, ಪಾಟಾ ಎಲ್ಲ ಹಲಗೆ ಆಗಿಬಿಟ್ಟಿದೆ. ಬುಶ್ಶು ಸವೆದು ಕೋಳಿಮೊಟ್ಟೆ ಥರ. ಕುಲುಕು ತಡೆಯೋ ಶಾಕ್ ಅಂತ ಒಂದು ಇತ್ತು ಅನ್ನೋದಕ್ಕೆ ಬರೀ ಗುರುತು. ಹನ್ನೊಂದು ವರ್ಷದಲ್ಲಿ ಒಂದು ತೊಟ್ಟು ಗ್ರೀಸ್ ಕಂಡಿಲ್ಲ ಇದು."

"ಗ್ರೀಸು ಬಂದಿತ್ತು ಅಕ್ಕ. ಗಾಡಿ ತನಕ ಬರಲಿಲ್ಲ ಅಷ್ಟೆ."

"ಏನು ಮಾಡಬೇಕಂತೆ?"

"ಮೇಲಿಂದ ಬಂದಿರೋ ಮಾತು ಇದು, ನನ್ನದಲ್ಲ. ಒಳಗೆ ಕೂತವರಿಗೆ ಕೆಳಗೆ ರಸ್ತೆ ಇದೆ ಅಂತಲೇ ಗೊತ್ತಾಗಬಾರದಂತೆ."

"ಮುಗಿಸಿಕೊಟ್ಟ ಮೇಲೆ ಮೊದಲು ಯಾವ ರಸ್ತೆ?"

"ನಿಮ್ಮದೇ. ಅದೊಂದೇ ಉಳಿದಿರೋದು."

ಪಾಟಕ್ಕ ಗಾಡಿಯ ಅಡಿಯಿಂದ ಮುಖ ಹೊರಗೆ ಹಾಕಿದಳು. "ಅಂದ್ರೆ ನಾನು ಚೆನ್ನಾಗಿ ಮಾಡಿದ್ರೆ…"

"ನಿಮ್ಮ ಬೀದಿ ನಯ."

"ಕೆಟ್ಟದಾಗಿ ಮಾಡಿದ್ರೆ?"

"ನೀರು ಚೆಲ್ಲುತ್ತೆ. ಪಟ್ಟಿ ಮುಗಿಯುತ್ತೆ. ರಸ್ತೆ ಆಗುತ್ತೆ. ನಿಮ್ಮಮ್ಮ ಕೂದಲು ಕೊಂಕದೆ ಮನೆಗೆ ಬರ್ತಾರೆ." ಡ್ರೈವರ್ ಬಾಯಲ್ಲಿದ್ದ ಹಲ್ಲುಕಡ್ಡಿಯನ್ನು ಬಲಗಡೆಯಿಂದ ಎಡಗಡೆಗೆ ತಿರುಗಿಸಿದ. "ನನಗೇನೂ ಗೊತ್ತಿಲ್ಲಪ್ಪ. ನಾನು ಎಳೆಯೋನು."

ಕೆಟ್ಟ ಕೆಲಸ ಮಾಡುವುದು ಸುಲಭ ಎಂದು ಒಳ್ಳೆಯ ಕೆಲಸಗಾರರಿಗೆ ಅನ್ನಿಸುವುದುಂಟು. ಅದಕ್ಕೂ ಅಭ್ಯಾಸ ಬೇಕು. ಕಚೇರಿಗಳಲ್ಲಿ ಅದಕ್ಕೆ ಇಪ್ಪತ್ತು ಮೂವತ್ತು ವರ್ಷದ ಸೇವೆ ಹಿಡಿಯುತ್ತದೆ. ಪಾಟಕ್ಕ ಒಂದೇ ವಾರದಲ್ಲಿ ಕಲಿಯಲು ಹೊರಟಳು.

ಹಳೆಯ ಪಾಟಾಗಳನ್ನು ಬಿಚ್ಚಿದಳು. ಅವನ್ನು ಬಿಗಿದಿದ್ದ, ತುಕ್ಕು ಹಿಡಿದ ಯು-ಬೋಲ್ಟುಗಳನ್ನು ಗರಗಸದಲ್ಲಿ ಕೊಯ್ದು ತೆಗೆದಳು. ಎರಡೂ ಆಕ್ಸೆಲ್ ಮೇಲೆ ರಬ್ಬರಿನ ಗಾಳಿಚೀಲ ಕೂರಿಸಿ, ಪಕ್ಕಕ್ಕೆ ಹೊಸ ಶಾಕ್ ಕಟ್ಟಿದಳು. ಒಂದು ನಟ್ಟನ್ನು ಬೇಕೆಂದೇ ಸಡಿಲ ಬಿಟ್ಟಳು. ಕೈ ತೊಳೆಯಲು ಹೋದಳು. ಸೋಪು ಕೈಯಲ್ಲೇ ಇತ್ತು, ವಾಪಸು ಬಂದು ಬಿಗಿದಳು. ಗಾಳಿಚೀಲಕ್ಕೆ ಕಡಿಮೆ ಗಾಳಿ ಹಾಕಿದಳು. ಊಟಕ್ಕೆ ಕೂತಳು. ತಟ್ಟೆ ಮುಚ್ಚಿಟ್ಟು ಎದ್ದು ಬಂದು ಗೇಜ್ ಇಟ್ಟು ಸರಿಯಾಗಿ ತುಂಬಿದಳು. ಎಡಕ್ಕಿಂತ ಬಲ ಅರ್ಧ ಬೆರಳು ತಗ್ಗಿಸಿ ಕಟ್ಟಿದಳು. ಗಾಡಿ ಬೀದಿಯವರ ಎದುರು ಸೊಟ್ಟ ನಿಂತದ್ದನ್ನು ನೋಡಲಾಗದೆ ಮತ್ತೆ ಬಿಚ್ಚಿದಳು.

ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು.

"ಬೇಕೂಂತ ಕೆಟ್ಟದಾಗಿ ಮಾಡ್ತಿದೀಯಾ?" ಅಂದಳು ಅಮ್ಮ, ಸೂರು ನೋಡುತ್ತಾ. ಅವಳಿಗೆ ನೋಡಲು ಸೂರು ಬಿಟ್ಟರೆ ಬೇರೆ ಇರಲಿಲ್ಲ.

"ಮಾಡೋಣ ಅಂತಿದೀನಿ. ಕೈ ಕೇಳ್ತಿಲ್ಲ."

"ಹನ್ನೊಂದು ವರ್ಷ ಅರ್ಜಿ ಬರ್ದೆ ಕಣೇ. ಒಂದು ಗುಂಡೀನೂ ಜಾಸ್ತಿ ಬರೀಲಿಲ್ಲ. ಐವತ್ತೆಂಟಿದ್ದಾಗ ಐವತ್ತೆಂಟು, ಅರವತ್ತೆರಡಿದ್ದಾಗ ಅರವತ್ತೆರಡು. ಈಗ ನೀನು ಹೋಗಿ ಒಂದು ಸುಳ್ಳು ನಟ್ಟು ಹಾಕಿ ರಸ್ತೆ ತರ್ತೀಯಾ?"

"ಮತ್ತೇನು ಮಾಡ್ಲಿ ಅಮ್ಮ?"

"ಸರಿಯಾಗಿ ಮಾಡು. ನಾವು ಸರಿಯಾಗಿದ್ರೆ ಅವರು ಎಷ್ಟು ದಿನ ಸೊಟ್ಟಗಿರ್ತಾರೆ ನೋಡೋಣ."

ಇದು ಅವಳ ಜೀವನದ ನಂಬಿಕೆ. ಈ ನಂಬಿಕೆ ಇಟ್ಟುಕೊಂಡವರ ಸೊಂಟ ಯಾವಾಗಲೂ ಆಸ್ಪತ್ರೆಯಲ್ಲೇ ಇರುತ್ತದೆ ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಪಾಟಕ್ಕ ಬಂದು ಒಂದೊಂದೇ ನಟ್ಟನ್ನು ಎದುರು-ಬದುರು ಬಿಗಿದಳು. ಒಂದು ಸುತ್ತು ಓಡಿಸಿ ತಂದು ಮತ್ತೊಮ್ಮೆ ಬಿಗಿದಳು. ಅಷ್ಟು ಒಳ್ಳೆಯ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಪರೀಕ್ಷೆಯ ದಿನ ನಯಾಧಿಕಾರಿಗಳು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು ಮೇಜಿನ ಮುಂದೆ ಕೂತರು. ಲೋಟಕ್ಕೆ ನೀರು ತುಂಬಿದರು. ಗಾಡಿ ಗ್ಯಾರೇಜ್ ಬೀದಿಯ ಅರವತ್ತೆರಡು ಗುಂಡಿಗಳನ್ನು ಇಳಿದು ಹತ್ತಿತು. ಹೊರಗಿನಿಂದ ನೋಡುತ್ತಿದ್ದ ಪಾಟಕ್ಕನಿಗೆ ಚಕ್ರಗಳು ಕುಣಿಯುವುದು ಕಾಣುತ್ತಿತ್ತು, ಕಿಟಕಿಯ ಪರದೆ ಮಾತ್ರ ಅಲುಗಲಿಲ್ಲ. ಲೋಟದ ನೀರು ಮೆಲುಕು ಹಾಕುವ ಹಸುವಿನಂತೆ ಶಾಂತವಾಗಿತ್ತು. ಹಿಂದೆ ಬರುತ್ತಿದ್ದ ಇಲಾಖೆಯ ಜೀಪು ಏಳನೇ ಗುಂಡಿಯಲ್ಲಿ ಆಕ್ಸೆಲ್ ಮುರಿದುಕೊಂಡು ನಿಂತಿತು. ಅದು ಜೀಪಿನ ಸ್ವಂತ ವಿಷಯ ಎಂದು ದಾಖಲಾಯಿತು.

"ಒಂದು ಹನಿಯೂ ಇಲ್ಲ," ಅಂದರು ನಯಾಧಿಕಾರಿಗಳು ಇಳಿಯುತ್ತಾ. "ಇಷ್ಟು ನಯವಾದ ರಸ್ತೆಯನ್ನು ಇಷ್ಟು ವರ್ಷ ನಾವು ಸುಮ್ಮನೆ ಅನುಮಾನಿಸಿದೆವು."

ಬೀದಿಯ ಬಾಯಿಗೆ 'ನಯವಾದ ರಸ್ತೆ' ಎಂಬ ಹಸಿರು ಬೋರ್ಡು ಬಂತು. ಕಂಬ ನೆಡಲು ಹಳ್ಳ ತೋಡಬೇಕಾಗಲಿಲ್ಲ. ಇದ್ದ ಹಳ್ಳಗಳಲ್ಲೇ ಒಂದನ್ನು ಆರಿಸಿಕೊಂಡರು.

ಮುಂದಿನ ವಾರ ಮೂಳೆ ಡಾಕ್ಟರು ಪಾಟಕ್ಕನನ್ನು ಕರೆಸಿದರು. ಅವರ ಮೇಜಿನ ಮೇಲೆ ಇಲಾಖೆಯಿಂದ ಬಂದ ಕಾಗದ ಇತ್ತು.

"ನಿಮ್ಮ ಬೀದಿ ನಯ ಅಂತ ಬಂದಿದೆ. ನಯವಾದ ರಸ್ತೆಯವರನ್ನ ನಾವು ಇಟ್ಕೊಳ್ಳೋ ಹಾಗಿಲ್ಲ. ಮೂರು ದಿನದಲ್ಲಿ ಹಾಸಿಗೆ ಬಿಡಬೇಕು."

"ಡಾಕ್ಟ್ರೇ, ಒಂದು ಕುಲುಕೂ ಬೀಳಬಾರದು ಅಂದಿದ್ರಿ."

"ಈಗಲೂ ಅದನ್ನೇ ಹೇಳ್ತೀನಿ. ಒಂದು ಕುಲುಕು ಬಿದ್ರೂ ಅವರು ಮತ್ತೆ ಎದ್ದು ನಡೆಯಲ್ಲ."

"ನೀವು ಆ ಬೀದಿಗೆ ಒಂದು ಸಲ ಬಂದು ನೋಡಿ."

"ನಾನು ಆ ಕಡೆ ಬರಲ್ಲಮ್ಮ," ಅಂದರು ಡಾಕ್ಟರು, ಬಿಚ್ಚುಮನಸ್ಸಿನಿಂದ. "ಕಾರು ಹಾಳಾಗುತ್ತೆ."

ಪಾಟಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ತಾನೇ ಕಟ್ಟಿದ ಗಾಡಿ ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಗುಂಡಿಗೆ ದಬ್ಬುತ್ತಿದೆ. ಅಮ್ಮನನ್ನು ಒಂದು ಕುಲುಕೂ ಇಲ್ಲದೆ ಮನೆಗೆ ತರಬಲ್ಲ ಗಾಡಿ ಇಡೀ ಊರಿನಲ್ಲಿ ಇರುವುದೂ ಒಂದೇ, ಅದೂ ಅದೇ. ಕೈಯಾರೆ ಮಾಡಿದ್ದನ್ನು ಕೈಮುಗಿದು ಕೇಳಲು ಹೊರಟಳು.

ನಯಾಧಿಕಾರಿಗಳು ಗಾಡಿಯ ಒಳಗೇ ಇದ್ದರು. ಗಾಡಿಗೆ ಹೊಸ ಸಸ್ಪೆನ್ಷನ್ ಬಂದ ಮೇಲೆ ಅವರು ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದರು. ಬಾಗಿಲ ಹೊರಗೆ ಅವರ ಚಪ್ಪಲಿ, ಮೇಲೆ ಒಣಗಲು ಹಾಕಿದ ಬನಿಯನ್.

"ಸಾರ್, ನಮ್ಮಮ್ಮನ್ನ ಆಸ್ಪತ್ರೆಯಿಂದ ಮನೆಗೆ ತರಬೇಕು. ನಾಲ್ಕೇ ಮೈಲಿ. ಒಂದೇ ಒಂದು ಸಲ ಗಾಡಿ ಕೊಡಿ."

"ನಯವಾದ ರಸ್ತೆ ಇರುವಾಗ ಈ ಗಾಡಿ ಯಾಕಮ್ಮ?"

"ಗುಂಡಿ ಇದೆ ಸಾರ್."

"ಎಲ್ಲಿ?"

ಪಾಟಕ್ಕ ಕಿಟಕಿಯ ಪರದೆ ಸರಿಸಿ ತೋರಿಸಿದಳು. ನಯಾಧಿಕಾರಿಗಳು ಕನ್ನಡಕ ಏರಿಸಿ ನೋಡಿದರು.

"ಅದು ಹೊರಗಿದೆ," ಅಂದರು. "ನಮ್ಮ ಅಳತೆ ಒಳಗಿನದು."

"ದಿನಾ ಒಬ್ಬರಲ್ಲ ಒಬ್ಬರ ಗಾಡಿ ಪಾಟಾ ಮುರೀತಿದೆ ಸಾರ್. ನನ್ನ ಶೆಡ್ಡಿಗೇ ಬರ್ತಾರೆ, ಸುಳ್ಳಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲಾಖೆ ಆ ಗಾದೆಯನ್ನು ಕಳೆದ ವಾರ ಸುತ್ತೋಲೆಯಾಗಿ ಹೊರಡಿಸಿದೆ. ಪ್ರತಿ ಬೇಕಾದರೆ ಕೊಡ್ತೀನಿ." ಅವರು ನಿಜಕ್ಕೂ ಒಳ್ಳೆಯ ಮನುಷ್ಯರು. ಅವಳ ಮುಖ ನೋಡಿ ಮರುಗಿ ನಿಯಮಪುಸ್ತಕ ತೆರೆದರು. "ನೋಡಿ, ಈ ಗಾಡಿಯಲ್ಲಿ ಅಧಿಕಾರಿಗಳಿಗೆ, ಉಪಕರಣಗಳಿಗೆ, ನೀರಿಗೆ ಮಾತ್ರ ಪ್ರವೇಶ. ನಿಮ್ಮ ತಾಯಿ ಅಧಿಕಾರಿಯೇ?"

"ಅಲ್ಲ ಸಾರ್."

"ನೀರು?"

"ಅಲ್ಲ."

ನಯಾಧಿಕಾರಿಗಳು ಪುಸ್ತಕ ಮುಚ್ಚಲು ಹೋದವರು ಹಾಗೇ ಬೆರಳಿಟ್ಟುಕೊಂಡು ಕೂತರು. ಆ ವಾರ ಕೇಂದ್ರ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಹೊಸ ಸಸ್ಪೆನ್ಷನ್ ಮೇಲೆ ಹಳೆಯ ರಸ್ತೆಗಳನ್ನೆಲ್ಲ ಒಂದೇ ವಾರದಲ್ಲಿ ಮತ್ತೆ ಅಳೆಯಲಾಗಿ ಎಲ್ಲವೂ ನಯವೆಂದು ಬಂದಿದ್ದವು. ಹಾಳು ರಸ್ತೆಗಳ ಪಟ್ಟಿಯಲ್ಲಿ ತಲೆಬರಹ ಮಾತ್ರ ಉಳಿದಿತ್ತು. ಸಂತೋಷವೇ, ಆದರೆ ಲೋಟಕ್ಕೆ ನೋವಿನ ಅರಿವಿಲ್ಲ ಎಂದು ನಾಳೆ ಯಾರಾದರೂ ತಕರಾರು ತೆಗೆಯಬಹುದು, ಆದ್ದರಿಂದ ಇನ್ನೂ ಸೂಕ್ಷ್ಮವಾದ ಉಪಕರಣ ಹುಡುಕತಕ್ಕದ್ದು ಎಂದು ಪತ್ರದಲ್ಲಿತ್ತು.

"ಎಷ್ಟು ಕಡೆ ಮುರಿದಿದೆ?" ಅಂದರು ನಯಾಧಿಕಾರಿಗಳು.

"ಎರಡು ಕಡೆ."

"ಸಣ್ಣ ಕುಲುಕಿಗೂ ನೋಯುತ್ತಾ?"

"ಪಕ್ಕದ ಮಂಚದವರು ಕೆಮ್ಮಿದ್ರೂ ನೋಯುತ್ತೆ ಸಾರ್."

ನಯಾಧಿಕಾರಿಗಳ ಕಣ್ಣು ಒದ್ದೆಯಾಯಿತು. "ಇಷ್ಟು ಸೂಕ್ಷ್ಮವಾದ ಉಪಕರಣ ಕೊಂಡು ತರಬೇಕು ಅಂದರೆ ಎಲ್ಲೂ ಸಿಗಲ್ಲಮ್ಮ," ಅಂದರು.

ಎರಡನೆಯ ದಿನ ಪ್ರಕಟಣೆ ಹೊರಬಿತ್ತು.

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ರಸ್ತೆಗಳ ನಯವನ್ನು ಲೋಟದ ಬದಲು ಸೊಂಟದಿಂದ ಅಳೆಯಲಾಗುವುದು. ಸದರಿ ಸೊಂಟವು ಪರೀಕ್ಷೆಯ ವೇಳೆ 'ಅಯ್ಯೋ' ಎಂದಲ್ಲಿ ರಸ್ತೆ ಹಾಳೆಂದು ಪರಿಗಣಿಸತಕ್ಕದ್ದು. 'ಅಬ್ಬಾ' ಎಂದಲ್ಲಿ ಮತ್ತೊಮ್ಮೆ ಅಳೆಯತಕ್ಕದ್ದು. ನಿಟ್ಟುಸಿರನ್ನು ವೈಯಕ್ತಿಕವೆಂದು ಬಿಡತಕ್ಕದ್ದು. ಸೊಂಟಕ್ಕೆ ಹೊಂದಿಕೊಂಡಿರುವ ವ್ಯಕ್ತಿಯ ಇತರ ಅಭಿಪ್ರಾಯಗಳಿಗೆ ಇಲಾಖೆ ಜವಾಬ್ದಾರಿಯಲ್ಲ."

ಅಳತೆ-ತೂಕದ ಕಚೇರಿಯಿಂದ ಇಬ್ಬರು ಆಸ್ಪತ್ರೆಗೆ ಬಂದರು. ತೂಕದ ಬಟ್ಟುಗಳಿಗೆ ಹಾಕುವ ಮೊಹರನ್ನು ಅಮ್ಮನ ಪ್ಲಾಸ್ಟರಿನ ಮೇಲೆ ನೇರಳೆ ಶಾಯಿಯಲ್ಲಿ ಒತ್ತಿದರು. ಒಬ್ಬ ಊದಿ ಒಣಗಿಸಿದ.

"ನೋಡೇ," ಅಂದಳು ಅಮ್ಮ ಮಗಳಿಗೆ. "ಹನ್ನೊಂದು ವರ್ಷ ನನ್ನ ಅರ್ಜಿಗೆ ಬೀಳದ ಮೊಹರು ಸೊಂಟಕ್ಕೆ ಬಿತ್ತು."

ಅಮ್ಮನನ್ನು ಹಾಸಿಗೆ ಸಮೇತ ಎತ್ತಿ ಗಾಡಿಯ ಮಂಚದ ಮೇಲೆ ಇಳಿಸಿದರು. ಪಾಟಕ್ಕನಿಗೆ 'ಉಪಕರಣ ಪಾಲಕಿ' ಎಂಬ ಬಿಲ್ಲೆ ಕೊಟ್ಟು ಒಳಗೆ ಬಿಟ್ಟರು. ಅವಳಿಗೆ ಈಗ ಎರಡು ಚಿಂತೆ. ಒಂದು ಕಡೆ, ಅಮ್ಮನಿಗೆ ನೋವಾಗಬಾರದು. ಇನ್ನೊಂದು ಕಡೆ, ಅಮ್ಮ ಒಂದೇ ಒಂದು ಸಲ ಅಯ್ಯೋ ಅಂದರೆ ಬೀದಿ ಹಾಳೆಂದು ಮತ್ತೆ ಪಟ್ಟಿಗೆ ಹತ್ತುತ್ತದೆ. ಈಗ ಆ ಪಟ್ಟಿಯಲ್ಲಿ ಬೇರೆ ಬೀದಿ ಒಂದೂ ಇಲ್ಲ, ಆದ್ದರಿಂದ ಹತ್ತಿದ ಕ್ಷಣವೇ ಪಟ್ಟಿ ಪೂರ್ತಿ, ಕೆಲಸ ಶುರು.

ಅವಳು ಬಗ್ಗಿ ಅಮ್ಮನ ಕಿವಿಯಲ್ಲಿ ಹೇಳಿದಳು. "ನಮ್ಮ ಮನೆ ಮುಂದೆ ದೊಡ್ಡ ಗುಂಡಿ ಬರುತ್ತಲ್ಲ, ಅಲ್ಲಿ ಒಂದು ಸಲ ಅಯ್ಯೋ ಅನ್ನು. ಜೋರಾಗಿ. ಅಷ್ಟು ಸಾಕು. ರಸ್ತೆ ಆಗುತ್ತೆ."

"ಅಂತೀನಿ ಬಿಡು. ಅನ್ನದೇ ಇರ್ತೀನಾ? ನನ್ನ ಸೊಂಟ ಮುರಿದ ಗುಂಡಿ ಅದು."

ಗಾಡಿ ಹೊರಟಿತು. ನಾಲ್ಕು ಮೈಲಿ ಅಮ್ಮ ಕಿಟಕಿಯಿಂದ ಹೊರಗೆ ನೋಡುತ್ತಾ ಮಲಗಿದ್ದಳು. ಏಳು ವಾರ ಸೂರು ನೋಡಿದವಳಿಗೆ ಅಂಗಡಿಗಳು, ಮರಗಳು, ಒಣಗಲು ಹಾಕಿದ ಬಟ್ಟೆಗಳು ನಿಧಾನಕ್ಕೆ ಹಿಂದೆ ಸರಿಯುವುದು ಕಂಡಿತು. ನಯಾಧಿಕಾರಿಗಳು ತಾವೇ ಟೀ ಮಾಡಿ ಕೊಟ್ಟರು. ಲೋಟದಿಂದ ಟೀ ತುಳುಕಲಿಲ್ಲ.

ಗ್ಯಾರೇಜ್ ಬೀದಿ ಬಂತು. ಹೊರಗೆ ಅಂಚೆಯವನ ಸೈಕಲ್ಲು ಎಗರಿ ಪತ್ರಗಳು ಚೆಲ್ಲಿದವು. ದೊಡ್ಡ ಗುಂಡಿ ಬಂತು. ಗಾಡಿ ಇಳಿಯಿತು, ಹತ್ತಿತು. ಪಾಟಕ್ಕ ಅಮ್ಮನ ಬಾಯನ್ನೇ ನೋಡುತ್ತಿದ್ದಳು.

"ಅಜ್ಜಿ, ಏನಾದರೂ ಅನ್ನಿಸಿತೇ?" ನಯಾಧಿಕಾರಿಗಳು ಪೆನ್ನು ಹಿಡಿದು ಕೇಳಿದರು.

ಅಮ್ಮ ಬಾಯಿ ತೆರೆದಳು. ಸ್ವಲ್ಪ ಹೊತ್ತು ತೆರೆದೇ ಇಟ್ಟುಕೊಂಡಳು.

"ಟೀಗೆ ಸಕ್ಕರೆ ಕಡಿಮೆ," ಅಂದಳು.

ನಯಾಧಿಕಾರಿಗಳು 'ನಯ' ಎಂದು ಬರೆದುಕೊಂಡು ಸಕ್ಕರೆ ತರಲು ಎದ್ದರು.

"ಅಮ್ಮ," ಅಂದಳು ಪಾಟಕ್ಕ, ಹಲ್ಲು ಕಚ್ಚಿ. "ಏನು ಹೇಳಿದ್ದೆ ನಿನಗೆ?"

"ನೋವಾಗಲಿಲ್ಲ ಕಣೇ."

"ಆಗದಿದ್ರೆ ಏನಾಯ್ತು? ಅನ್ನಬೇಕಿತ್ತು."

"ಇಷ್ಟು ವರ್ಷ ನಿಜ ಬರ್ದು ಈಗ ಮಲ್ಕೊಂಡು ಸುಳ್ಳು ಹೇಳ್ಲಾ? ನೋವಾಗೋ ಹಾಗೆ ಕಟ್ಟಬೇಕಿತ್ತು ನೀನು." ಅಮ್ಮನ ದನಿಯಲ್ಲಿ ಬೈಗುಳವೂ ಇತ್ತು, ಮಗಳ ಕೆಲಸದ ಬಗ್ಗೆ ಹೆಮ್ಮೆಯೂ ಇತ್ತು. "ಎಂಥಾ ಕೆಲಸ ಮಾಡಿದೀಯೇ. ತೊಟ್ಟಿಲ ಥರ ಇದೆ."

ಒಬ್ಬಳು ಸುಳ್ಳು ನಟ್ಟು ಹಾಕಲಿಲ್ಲ, ಇನ್ನೊಬ್ಬಳು ಸುಳ್ಳು ನೋವು ಕೂಗಲಿಲ್ಲ. ಎರಡು ನಿಜ ಸೇರಿ ಇಲಾಖೆಗೆ ಬೇಕಾಗಿದ್ದ ಸುಳ್ಳನ್ನು ಪೂರ್ತಿ ಮಾಡಿದವು. ಇಲಾಖೆಗಳು ನಡೆಯುವುದು ಕಳ್ಳರಿಂದ ಎಂದು ಜನ ತಿಳಿದಿದ್ದಾರೆ. ಕಳ್ಳರಿಂದ ಅಷ್ಟು ಕೆಲಸ ಆಗುವುದಿಲ್ಲ.

ಮನೆ ಮುಂದೆ ಗಾಡಿ ನಿಂತಿತು. ಗಾಡಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಹತ್ತು ಹೆಜ್ಜೆ. ನಡುವೆ ಗುಂಡಿಯ ಅಂಚು. ಪಾಟಕ್ಕ ಮತ್ತು ಡ್ರೈವರ್ ಅಮ್ಮನನ್ನು ಮಲಗಿಸಿ ಒಯ್ಯಲು ಹಲಗೆ ಹಿಡಿದು ನಿಂತರು.

"ಬಾ ಅಮ್ಮ. ಹಾಸಿಗೆ ಹಾಸಿಟ್ಟಿದೀನಿ."

ಅಮ್ಮ ತಲೆ ಹೊರಳಿಸಿ ಆ ಹತ್ತು ಹೆಜ್ಜೆಯನ್ನು ನೋಡಿದಳು. ಆಮೇಲೆ ಹೂವಿನ ಪರದೆಯನ್ನು ನೋಡಿದಳು. "ಇವರು ಊರ ರಸ್ತೆ ಎಲ್ಲ ಇನ್ನೊಂದು ಸಲ ಅಳೀಬೇಕಂತೆ," ಅಂದಳು. "ಒಂದು ಸುತ್ತು ಹೋಗಿ ಬರ್ತೀನಿ ಕಣೇ. ಇಷ್ಟು ವರ್ಷ ನಮ್ಮ ಬೀದಿ ಒಂದನ್ನೇ ನೋಡ್ದೆ. ಮೂಳೆ ಕೂಡಲಿ, ಇಳೀತೀನಿ."

"ಎಲ್ಲಿ ಮಲಗ್ತೀಯ?"

"ಇಲ್ಲೇ. ಅವರು ಆ ಮಂಚ, ನಾನು ಈ ಮಂಚ. ನಡುವೆ ಪರದೆ ಇದೆ."

"ಉಪಕರಣದ ಸುರಕ್ಷತೆ ನಮ್ಮ ಹೊಣೆ," ಅಂದರು ನಯಾಧಿಕಾರಿಗಳು ಸಕ್ಕರೆ ಕಲಕುತ್ತಾ.

ಪಾಟಕ್ಕ ಹಲಗೆ ಹಿಡಿದೇ ನಿಂತಿದ್ದಳು. ಎಳೆದು ತರೋಣವೆಂದರೆ ಕುಲುಕು ಬೀಳುತ್ತದೆ. ಬಿಡೋಣವೆಂದರೆ ಮನೆ ಖಾಲಿ. ಗಾಡಿ ಹೊರಟ ಮೇಲೆ ಡ್ರೈವರ್ ಹಿಡಿದಿದ್ದ ಹಲಗೆಯ ಆ ತುದಿಯನ್ನೂ ತಾನೇ ಎತ್ತಿ ಒಳಗೆ ಇಟ್ಟಳು.

ಅಂದಿನಿಂದ ಪ್ರತಿ ಗುರುವಾರ ಗಾಡಿ ಮನೆ ಮುಂದೆ ಹತ್ತು ನಿಮಿಷ ನಿಲ್ಲತೊಡಗಿತು. ಪಾಟಕ್ಕ ಒಳಗೆ ಹೋಗಿ ಅಮ್ಮನ ತಲೆ ಬಾಚಿ ಬರುತ್ತಿದ್ದಳು. ಅಮ್ಮನ ಕೆನ್ನೆ ತುಂಬಿಕೊಂಡಿತ್ತು. ಬೀದಿಯವರು ಕಿಟಕಿಗೆ ಬಂದು ಗುಂಡಿಯ ಕಷ್ಟ ಹೇಳಿಕೊಂಡರೆ, "ನಿಮ್ಮ ಗಾಡಿ ಪಾಟಾ ಒಂದು ಸಲ ನಮ್ಮ ಹುಡುಗಿ ಹತ್ರ ತೋರಿಸ್ರಪ್ಪ. ರಸ್ತೇಲಿ ಏನಿಲ್ಲ, ನಾನೇ ದಿನಾ ಓಡಾಡ್ತೀನಲ್ಲ," ಎನ್ನುತ್ತಿದ್ದಳು. ಅದು ಅವಳ ಮಟ್ಟಿಗೆ ನಿಜವೇ ಆಗಿತ್ತು.

ಒಂದು ಸಮಸ್ಯೆ ಬಂತು. ಇಷ್ಟು ಆರಾಮದಲ್ಲಿ ಅಮ್ಮನ ಮೂಳೆ ಕೂಡಿಕೊಳ್ಳತೊಡಗಿತು. ಕೂಡಿದ ಸೊಂಟ ಸೂಕ್ಷ್ಮ ಉಪಕರಣವಲ್ಲ. ಇಲಾಖೆ ಚಿಂತಿಸಿ, ಅಮ್ಮನಿಗೆ ಮುಖ್ಯ ಸೊಂಟವೆಂದು ಬಡ್ತಿ ಕೊಟ್ಟು, ಕೆಳಗಿನ ಹುದ್ದೆಗಳಿಗೆ ಅರ್ಜಿ ಕರೆಯಿತು. "ಮುರಿದ ಸೊಂಟ, ಮಂಡಿ, ಮಣಿಕಟ್ಟು ಇತ್ಯಾದಿ ಉಳ್ಳವರು ಅರ್ಹರು. ಮುರಿತವು ಇತ್ತೀಚಿನದಾಗಿರಬೇಕು. ನಯವಾದ ರಸ್ತೆಯಲ್ಲಿ ಬಿದ್ದವರಿಗೆ ಆದ್ಯತೆ." ಗಾಡಿಯಲ್ಲಿ ಜಾಗ, ಟೀ, ಕಿಟಕಿ.

ಗ್ಯಾರೇಜ್ ಬೀದಿಯಲ್ಲಿ ಅರ್ಹತೆ ಇಲ್ಲದವರೇ ಕಡಿಮೆ. ಮಂಡಿ ಒಡೆದುಕೊಂಡ ಅಂಚೆಯವನು, ಭುಜ ಜಾರಿದ ಟೈಲರು, ಬೆನ್ನು ಹಿಡಿದ ಶಾಲೆ ಮೇಡಂ, ಎಲ್ಲರೂ ಸಾಲು ನಿಂತರು. ಹಳ್ಳದೊಳಗೆ ನಿಂತವರು ಗಿಡ್ಡಗೆ, ದಿಬ್ಬದ ಮೇಲೆ ನಿಂತವರು ಉದ್ದಕ್ಕೆ ಕಂಡರು. ಏನೂ ಮುರಿಯದಿದ್ದ ಒಂದಿಬ್ಬರನ್ನು ನೋಡಿ ಬೀದಿಯವರು ಪಾಪ ಅಂದರು. ಆ ಒಂದಿಬ್ಬರು ಸಂಜೆಗೆ ಸೈಕಲ್ಲು ಹತ್ತಿ ಬೀದಿಯ ಮೇಲೊಮ್ಮೆ ಕೆಳಗೊಮ್ಮೆ ಓಡಾಡಿ, ಮರುದಿನ ಕೈಗೆ ಕಟ್ಟು ಹಾಕಿಸಿಕೊಂಡು ಬಂದರು.

ಇಷ್ಟು ಜನ ಕೂತರೆ ಎರಡು ಆಕ್ಸೆಲ್ ತಾಳುವುದಿಲ್ಲ. ಮೂರನೆಯದು ಹಾಕಬೇಕೆಂದು ಆದೇಶ ಬಂತು, ಬಂದ ದಿನವೇ ಸಾಮಾನೂ ಬಂತು. ಗಾಡಿಯನ್ನು ಪಾಟಕ್ಕನ ಮನೆ ಮುಂದೆ, ದೊಡ್ಡ ಗುಂಡಿಯ ಮೇಲೆ ತಂದು ನಿಲ್ಲಿಸಿದರು.

ಪಾಟಕ್ಕ ಗುಂಡಿಗೆ ಇಳಿದಳು. ನಿಂತರೆ ಆಕ್ಸೆಲ್ ಸರಿಯಾಗಿ ಅವಳ ಭುಜದ ಮಟ್ಟಕ್ಕೆ ಬಂತು. ಜಾಕ್ ಏರಿಸುವುದಿಲ್ಲ, ಬೆನ್ನ ಮೇಲೆ ಮಲಗುವುದಿಲ್ಲ, ಕಣ್ಣಿಗೆ ತುಕ್ಕು ಬೀಳುವುದಿಲ್ಲ. ಸ್ಪ್ಯಾನರುಗಳನ್ನು ಗುಂಡಿಯ ಅಂಚಿನಲ್ಲಿ ಸಾಲಾಗಿ ಜೋಡಿಸಿಕೊಂಡಳು. ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ಅನುಕೂಲ ಅವಳಿಗೆ ಸಿಕ್ಕಿರಲಿಲ್ಲ. ಮೇಲೆ ನೆಲದ ಹಲಗೆಯ ಆಚೆ ಅಮ್ಮ ಯಾರಿಗೋ ಅಯ್ಯೋಗೂ ಅಬ್ಬಾಗೂ ಇರುವ ವ್ಯತ್ಯಾಸ ಕಲಿಸುತ್ತಿದ್ದಳು. ಪಾಟಕ್ಕನ ಕೈ ತನ್ನಷ್ಟಕ್ಕೆ ಅಳತೆ ತೆಗೆಯುತ್ತಿತ್ತು. ಚೆನ್ನಾಗಿ ಬರಬೇಕು, ಅಮ್ಮ ಮೇಲಿದ್ದಾಳೆ.

ಆ ಹೊತ್ತಿಗೆ ಬೀದಿಯ ಕೊನೆಯ ಮನೆಯ ಗಾರೆ ಕೆಲಸದವರು ಒಳ್ಳೆಯ ಕೈಯಲ್ಲಿ ಒಂದು ದಪ್ಪ ಕಲ್ಲು ಎತ್ತಿಕೊಂಡು ಬಂದರು. ಅವರ ಇನ್ನೊಂದು ಕೈ ಕಟ್ಟಿನಲ್ಲಿತ್ತು.

"ಪಾಟಕ್ಕ, ಸ್ವಲ್ಪ ಈಚೆ ಬಾಮ್ಮ. ಇಲಾಖೆ ಅಂತೂ ಮಾಡಲ್ಲ. ನಾವೇ ಮನೆಗೊಂದು ಕಲ್ಲು ಹಾಕಿದ್ರೆ ಈ ಗುಂಡಿ ಒಂದೇ ದಿನದಲ್ಲಿ ಮುಚ್ಚಿ ಹೋಗುತ್ತೆ ಅಂತ ನನಗೆ ಹೊಳೀತು. ಇಷ್ಟು ವರ್ಷ ಯಾಕೆ ಹೊಳೀಲಿಲ್ವೋ."

ಪಾಟಕ್ಕ ಗುಂಡಿಯೊಳಗಿಂದ ತಲೆ ಎತ್ತಿ ನೋಡಿದಳು. "ಬೇಡ ಬಿಡಿ ಅಣ್ಣ. ಮುಚ್ಚಿದ್ರೆ ಆಮೇಲೆ ನಾನು ಎಲ್ಲಿ ನಿಂತು ಕೆಲಸ ಮಾಡ್ಲಿ?"

ಗಾರೆಯವರು ಒಂದು ಕ್ಷಣ ಯೋಚಿಸಿದರು. ಅದೂ ನಿಜ ಅಂದರು. ತಂದ ಕಲ್ಲನ್ನು ಗಾಡಿ ಹತ್ತಲು ನಿಂತವರ ಸಾಲಿನ ಕೊನೆಗೆ ಹಾಕಿಕೊಂಡು, ಅದರ ಮೇಲೆ ಕೂತು, ತಮ್ಮ ಸರದಿ ಕಾದರು.